ಬಂಪರಿನ ಬಿಳಿ ಕಲೆಗೆ ಒಂದು ಮುಷ್ಟಿ ಶೇಂಗಾ

ಕಳೆದ ಖಂಡೇನವಮಿಯ ಹಿಂದಿನ ದಿನ ಬಾಗಲಕೋಟೆಯ ನವನಗರದ ನಮ್ಮ ಮನೆಯ ಮುಂದೆ ಮೊಮ್ಮಗ ತನ್ನ ತಂದೆಯ ಕಾರಿಗೆ ಮೇಣದ ಪಾಲಿಶ್ ಹಚ್ಚಿದ್ದ. ಬಾನೆಟ್ಟೂ ಬಾಗಿಲುಗಳೂ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಆದರೆ ಬಂಪರಿನ ಕೆಳಭಾಗ, ಚಕ್ರಗಳ ಮೇಲಿನ ಅಂಚು, ಕನ್ನಡಿಗಳ ಬುಡ, ಹೀಗೆ ಬಣ್ಣ ಹೊಡೆಯದೆ ಬಿಟ್ಟ ಕಪ್ಪು ಪ್ಲಾಸ್ಟಿಕ್ಕಿನ ಭಾಗಗಳೆಲ್ಲ ವಿಭೂತಿ ಬಳಿದಂತೆ ಬೆಳ್ಳಗಾಗಿದ್ದವು. ಎರಡು ಬಕೆಟ್ ನೀರು ಸುರಿದು ಉಜ್ಜಿದ ಮೇಲೆ ಅವನು ಒಳಗೆ ಬಂದು, “ಆಯಿ, ತೊಳದಷ್ಟೂ ಬೆಳ್ಳಗ ಆಗಾಕತ್ತೈತಿ” ಎಂದ. ಒದ್ದೆಯಿದ್ದಾಗ ಮಾಯವಾಗಿ, ಒಣಗಿದೊಡನೆ ಮತ್ತೆ ಕಾಣಿಸಿಕೊಳ್ಳುವುದು ಆ ಕಲೆಯ ಗುಣ.

ನಾನು ಕಾರು ನಡೆಸಿದವಳಲ್ಲ, ಆದರೆ ಬಂಡಿಯ ಕೀಲೆಣ್ಣೆ ಹತ್ತಿದ ಧೋತರಗಳನ್ನು ವರ್ಷಗಟ್ಟಲೆ ಒಗೆದವಳು. ಕೀಲೆಣ್ಣೆಯ ಕಲೆಗೆ ಮೊದಲೇ ನೀರು ಸೋಕಿಸಿದರೆ ಅದು ಇನ್ನಷ್ಟು ಹರಡುತ್ತದೆ. ಮೊದಲು ನಾಲ್ಕು ಹನಿ ಅಡುಗೆ ಎಣ್ಣೆ ಹಾಕಿ ತಿಕ್ಕಿ, ಕಲೆ ಸಡಿಲವಾದ ಮೇಲೆ ಸಾಬೂನು ಹಾಕಬೇಕೆಂದು ನನ್ನ ಅತ್ತೆಯವರು ಕಲಿಸಿದ್ದರು. ಕಾರಿನ ಮೇಣವೂ ಜಿಡ್ಡಿನ ಕುಲದ್ದೇ ಆಗಿರುವುದರಿಂದ ಅದೇ ದಾರಿ ಇಲ್ಲಿಯೂ ನಡೆಯುತ್ತದೆ.

ಆದರೆ ಕೈ ಹಾಕುವ ಮೊದಲು ಆ ಬಿಳಿ ಕಲೆ ಮೇಣದ್ದೇ ಹೌದೋ ಅಲ್ಲವೋ ಎಂಬುದನ್ನು ನೋಡಿಕೊಳ್ಳಬೇಕು, ಏಕೆಂದರೆ ನಮ್ಮ ಕಡೆ ಕಪ್ಪು ಪ್ಲಾಸ್ಟಿಕ್ ಬೆಳ್ಳಗಾಗಲು ಇನ್ನೂ ಎರಡು ಕಾರಣಗಳಿವೆ. ಬೋರ್‌ವೆಲ್ಲಿನ ಸವಳು ನೀರಿನಿಂದ ತೊಳೆದು ಬಿಸಿಲಿಗೆ ಬಿಟ್ಟರೆ ಸುಣ್ಣದ ಅಂಶ ದುಂಡು ದುಂಡಾದ ಚುಕ್ಕೆಗಳಾಗಿ ಉಳಿಯುತ್ತದೆ. ಅದರ ಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ನಿಂಬೆರಸ ಹಚ್ಚಿ ಐದು ನಿಮಿಷ ಬಿಟ್ಟು ಒರೆಸಿದರೆ ಕರಗಿ ಹೋಗುತ್ತದೆ, ಮೇಣವಾದರೆ ಹುಳಿಗೆ ಜಗ್ಗುವುದಿಲ್ಲ. ಇನ್ನೊಂದು, ವರ್ಷಗಟ್ಟಲೆ ಬಿಸಿಲುಂಡು ಪ್ಲಾಸ್ಟಿಕ್ಕೇ ಬಣ್ಣಗೆಟ್ಟು ಬೂದಿಯಂತಾಗುವುದು. ಇದು ಮೇಲ್ಮುಖವಾಗಿರುವ ಭಾಗಗಳಲ್ಲೆಲ್ಲ ಒಂದೇ ಸಮನಾಗಿ ಹರಡಿರುತ್ತದೆ. ಮೇಣ ಹಾಗಲ್ಲ, ಬಟ್ಟೆ ಆಡಿದ ಕಡೆ ಗೆರೆ ಗೆರೆಯಾಗಿಯೂ, ಬಣ್ಣದ ತಗಡು ಪ್ಲಾಸ್ಟಿಕ್ಕಿಗೆ ಕೂಡುವ ಸಂದಿನಲ್ಲಿ ದಪ್ಪಗೂ ಇರುತ್ತದೆ, ಮತ್ತು ಉಗುರಿನಿಂದ ಮೆಲ್ಲಗೆ ಗೀರಿದರೆ ಉಗುರಿನ ಸಂದಿಯಲ್ಲಿ ಬಿಳಿಯ ಜಿಡ್ಡುಪುಡಿ ಸಿಗುತ್ತದೆ. ಈ ಮೂರನ್ನು ಗುರುತಿಸದೆ ಉಜ್ಜಲು ಕುಳಿತರೆ ರಟ್ಟೆ ನೋಯುತ್ತದೆಯೇ ಹೊರತು ಕೆಲಸವಾಗುವುದಿಲ್ಲ.

ಆ ಪ್ಲಾಸ್ಟಿಕ್ಕನ್ನು ಹತ್ತಿರದಿಂದ ನೋಡಿದರೆ ತೊಂದರೆಯ ಮೂಲ ತಿಳಿಯುತ್ತದೆ. ಅದರ ಮೈ ನುಣುಪಾಗಿಲ್ಲ. ಹೊಸದಾಗಿ ಮುಳ್ಳು ಹೊಡೆಸಿದ ಬೀಸುವ ಕಲ್ಲಿನಂತೆ, ಅದಕ್ಕಿಂತ ಬಹಳ ಸಣ್ಣದಾಗಿ, ತಗ್ಗು ದಿನ್ನೆಗಳಿಂದ ಕೂಡಿದೆ. ಮೇಣ ಮೆತ್ತಗಿರುವಾಗ ಆ ತಗ್ಗುಗಳಲ್ಲಿ ಇಳಿದು, ಅದರಲ್ಲಿನ ದ್ರಾವಕ ಆರಿದ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬಟ್ಟೆಯಿಂದ ಒರೆಸಿದಾಗ ದಿನ್ನೆಗಳ ಮೇಲಿನದಷ್ಟೇ ಬಂದು, ತಗ್ಗಿನೊಳಗಿನದು ಅಲ್ಲಿಯೇ ಉಳಿಯುತ್ತದೆ. ಹಲವು ಪಾಲಿಶ್‌ಗಳಲ್ಲಿ ಮೇಣದ ಜೊತೆಗೆ ಉಜ್ಜಲೆಂದು ಬೆರೆಸಿದ ಬಿಳಿಯ ಸಣ್ಣ ಪುಡಿಯೂ ಇರುವುದರಿಂದ ಕಲೆ ಇನ್ನಷ್ಟು ಎದ್ದು ಕಾಣುತ್ತದೆ. ನಮ್ಮ ಬೇಸಿಗೆಯ ಬಿಸಿಲಿಗೆ ಅದು ತಾನಾಗಿಯೇ ಕರಗಿ ಹೋದೀತೆಂದು ಕಾಯುವುದೂ ವ್ಯರ್ಥ. ಇಂಥ ಪಾಲಿಶ್‌ಗಳಿಗೆ ಹಾಕುವ ಕಾರ್ನೌಬಾ ಎಂಬ ಮೇಣ ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆಮರದ ಎಲೆಯಿಂದ ಬರುತ್ತದೆ, ಮತ್ತು ಅದು ಕರಗಲು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಕಾವು ಬೇಕು.

ಇನ್ನು ಶೇಂಗಾದ ಮಾತು. ಶೇಂಗಾ ಕಾಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ ಇರುತ್ತದೆ. ಒಂದು ಮುಷ್ಟಿ ಕಾಳನ್ನು ಹದವಾಗಿ ಹುರಿದು, ಸಿಪ್ಪೆ ಉಜ್ಜಿ ಕೇರಿ, ಮಿಕ್ಸರಿಗೆ ಹಾಕಿ, ಪುಡಿಯಾದರೂ ನಿಲ್ಲಿಸದೆ, ಎಣ್ಣೆ ಬಿಟ್ಟು ಮುದ್ದೆಯಾಗುವ ತನಕ ತಿರುಗಿಸಬೇಕು. ಇದಕ್ಕೆ ಉಪ್ಪು, ಬೆಲ್ಲ, ಖಾರ ಯಾವುದೂ ಸೇರಬಾರದು. ಡಬ್ಬಿಯಲ್ಲಿ ಸಿದ್ಧವಾಗಿದೆಯೆಂದು ಶೇಂಗಾ ಚಟ್ನಿಯನ್ನು ಒಯ್ದು ಬಂಪರಿಗೆ ಬಳಿದೀರಿ, ಎಚ್ಚರ. ಕಾರನ್ನು ನೆರಳಿಗೆ ತಂದು, ಮೊದಲು ನೀರಿನಿಂದ ಮಣ್ಣನ್ನೆಲ್ಲ ತೊಳೆದು ಒಣಗಿಸಬೇಕು. ಎರೆಯ ಧೂಳು ಉಳಿದಿದ್ದರೆ ಉಜ್ಜುವಾಗ ಪಕ್ಕದ ಬಣ್ಣಕ್ಕೆ ಗೀರು ಬೀಳುತ್ತದೆ. ಅನಂತರ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಶ್ಶಿಗೆ ಹುಣಸೆ ಬೀಜದಷ್ಟು ಮುದ್ದೆ ತೆಗೆದುಕೊಂಡು, ಗೇಣುದ್ದದ ಜಾಗವನ್ನು ಮಾತ್ರ ಆರಿಸಿ, ಸುತ್ತು ಸುತ್ತಾಗಿ ಹಗುರ ಕೈಯಿಂದ ಎರಡು ನಿಮಿಷ ತಿಕ್ಕಬೇಕು. ಎಣ್ಣೆ ತಗ್ಗಿನೊಳಗಿನ ಮೇಣವನ್ನು ಮೆತ್ತಗೆ ಮಾಡುತ್ತದೆ, ಕಾಳಿನ ಸಣ್ಣ ನುಚ್ಚು ಅದನ್ನು ಕೆದಕಿ ಮೇಲಕ್ಕೆ ತರುತ್ತದೆ. ಬರೀ ಎಣ್ಣೆಗಿಂತ ಮುದ್ದೆ ಮೇಲೆನ್ನಲು ಇದೇ ಕಾರಣ. ಕಂದು ಬಣ್ಣದ ಮುದ್ದೆ ತುಸು ಬೆಳ್ಳಗೆ ತಿರುಗಿದ್ದು ಕಂಡರೆ ಮೇಣ ಬಿಟ್ಟಿದೆ ಎಂದು ತಿಳಿಯಬೇಕು. ಅದನ್ನು ಒಣ ಅರಿವೆಯಿಂದ ಒರೆಸಿ ತೆಗೆದು ಮುಂದಿನ ಗೇಣಿಗೆ ಹೋಗಬೇಕು.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಣ್ಣೆ ಬಳಿದ ಪ್ಲಾಸ್ಟಿಕ್ ಆ ಕ್ಷಣಕ್ಕೆ ಕಡುಗಪ್ಪಾಗಿ ಕಂಡು ಮೋಸ ಮಾಡುತ್ತದೆ. ಹಾಗೆಯೇ ಬಿಟ್ಟರೆ ಸಂಜೆಯೊಳಗೆ ಧೂಳು ಅಂಟಿ, ಮರುದಿನ ಇರುವೆ ಸಾಲು ಹಚ್ಚುತ್ತವೆ, ಇಲಿಗೂ ವಾಸನೆ ಹೋಗುತ್ತದೆ. ಆದ್ದರಿಂದ ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿಗೆ ಪಾತ್ರೆ ತೊಳೆಯುವ ದ್ರವ ಸಾಬೂನನ್ನು ಒಂದು ಚಮಚೆ ಬೆರೆಸಿ, ಇನ್ನೊಂದು ಬ್ರಶ್ಶಿನಿಂದ ನೊರೆ ಬರುವಂತೆ ಉಜ್ಜಿ ತೊಳೆಯಬೇಕು. ಆ ಸಾಬೂನು ಬಣ್ಣದ ಭಾಗಕ್ಕೆ ಹರಿದರೆ ಅಲ್ಲಿ ಹಚ್ಚಿದ ಮೇಣವನ್ನೂ ತೆಗೆಯುತ್ತದೆ, ಹಾಗಾಗಿ ಬೇಕಾದ ಜಾಗಕ್ಕಷ್ಟೇ ಬಳಸುವುದು ಲೇಸು. ಪೂರ್ತಿ ಒಣಗಿದ ಮೇಲೆಯೇ ಫಲಿತಾಂಶ ನೋಡಬೇಕು. ಮೊಮ್ಮಗನ ಬಂಪರಿಗೆ ಎರಡು ಸಲ ಇದೇ ಕೆಲಸ ಮಾಡಬೇಕಾಯಿತು.

ಕನ್ನಡಿಯ ಬುಡದಲ್ಲಿ ಬ್ರಶ್ ಹೋಗದ ಒಂದು ಮೂಲೆ ಉಳಿದಿತ್ತು. ಅಲ್ಲಿಗೆ ಸೊಸೆಯ ಹೇರ್ ಡ್ರೈಯರನ್ನು ಗೇಣು ದೂರದಲ್ಲಿ ಹಿಡಿದು, ಒಂದೆಡೆ ನಿಲ್ಲಿಸದೆ ಆಡಿಸುತ್ತ ಬಿಸಿ ಮಾಡಿ, ಮೇಣ ಮೆತ್ತಗಾದೊಡನೆ ಅರಿವೆಯ ತುದಿಯಿಂದ ಎತ್ತಿದೆವು. ಕೈ ಇಟ್ಟರೆ ಸುಡುವಷ್ಟು ಬಿಸಿ ಮಾಡಬಾರದು, ಪ್ಲಾಸ್ಟಿಕ್ ಸೊಟ್ಟಗಾದೀತು. ಕಲೆ ಒಂದೆರಡು ಚುಕ್ಕೆಯಷ್ಟೇ ಇದ್ದರೆ ಶಾಲೆಯ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರೇ ಸಾಕು.

ಪೆಟ್ರೋಲು, ಥಿನ್ನರ್ ಹಚ್ಚಲು ಹೇಳುವವರಿದ್ದಾರೆ. ಅವು ಮೇಣವನ್ನು ಬಿಡಿಸುವುದು ನಿಜ, ಆದರೆ ಪಕ್ಕದ ಬಣ್ಣವನ್ನೂ ಕಿಟಕಿಯ ರಬ್ಬರನ್ನೂ ಹಾಳು ಮಾಡುತ್ತವೆ. ಬೆಂಕಿಯ ಭಯ ಬೇರೆ. ಪಾತ್ರೆ ತಿಕ್ಕುವ ತಂತಿಯ ಜುಂಗು ಪ್ಲಾಸ್ಟಿಕ್ಕಿನ ದಿನ್ನೆಗಳನ್ನೇ ಸವೆಸಿಬಿಡುವುದರಿಂದ ಆ ಜಾಗ ಮುಂದೆ ಎಂದಿಗೂ ಹೊಳೆಯುವ ಮಚ್ಚೆಯಾಗಿ ಉಳಿಯುತ್ತದೆ. ಬೂಟ್ ಪಾಲಿಶ್ ಬಳಿದು ಮುಚ್ಚುವುದಂತೂ ಮೇಣದ ಮೇಲೆ ಮತ್ತೆ ಮೇಣ ಹಚ್ಚಿದಂತೆಯೇ, ಒರಗಿದವರ ಬಟ್ಟೆಗೂ ಹತ್ತುತ್ತದೆ.

ಮುಂದಿನ ಸಲ ಪಾಲಿಶ್ ಹಚ್ಚುವ ಮೊದಲು, ಬಣ್ಣ ಹೊಡೆಯುವವರು ಚೌಕಟ್ಟಿಗೆ ಅಂಟಿಸುವ ಕಾಗದದ ಟೇಪನ್ನು ಕಪ್ಪು ಪಟ್ಟಿಗಳ ಅಂಚಿಗೆ ಹಚ್ಚಿಕೊಂಡರೆ ಇಷ್ಟೆಲ್ಲ ಪಾಡು ಬೇಕಿಲ್ಲ. ಟೇಪನ್ನು ಮೇಣ ಒರೆಸಿ ಮುಗಿಸಿದೊಡನೆ ಕೀಳಬೇಕು. ಬಿಸಿಲಿನಲ್ಲಿ ದಿನವಿಡೀ ಬಿಟ್ಟರೆ ಅದರ ಅಂಟು ಪ್ಲಾಸ್ಟಿಕ್ಕಿನ ಮೇಲೆ ಉಳಿದು, ಮತ್ತೆ ಅದೇ ಶೇಂಗಾ ಮುದ್ದೆಯನ್ನು ಅರೆಯಬೇಕಾಗುತ್ತದೆ.