ಮನೆಗಿಂತ ಮೊದಲು ಹುಡುಕಿದ್ದು ಒಂದು ಸುತ್ತು

ಕೆಲಸದ ನಿಮಿತ್ತ ಬೇರೆ ನಗರಕ್ಕೆ ಹೋಗುವುದು ಖಚಿತವಾದಾಗ ನಮ್ಮ ಮನೆಯಲ್ಲಿ ಮೂರು ವರ್ಷದ ಮಗಳು, ಕೀಲುನೋವು ಶುರುವಾಗಿದ್ದ ಮುದಿ ನಾಯಿ ಕರಿಯ ಮತ್ತು ಇನ್ನೂ ವರ್ಷ ತುಂಬದ ನಾಯಿ ಗುಂಡ ಇದ್ದರು. ಯಾವ ಬಡಾವಣೆಗೆ ಹೋಗಬೇಕೆಂದು ಯಾರನ್ನು ಕೇಳಿದರೂ ಶಾಲೆ, ಕಚೇರಿಯ ದೂರ, ಬಾಡಿಗೆ ಎಂಬ ಮೂರೇ ಮಾತು. ಅವು ಮುಖ್ಯವೇ. ಆದರೆ ಈ ಮೂರರಲ್ಲೂ ಸೈ ಎನಿಸಿಕೊಂಡ ಬಡಾವಣೆಯಲ್ಲಿ, ಒಬ್ಬರೇ ದೊಡ್ಡವರು ಒಂದು ಮಗುವನ್ನೂ ಎರಡು ನಾಯಿಗಳನ್ನೂ ಕರೆದುಕೊಂಡು ಬೆಳಿಗ್ಗೆ ನೆಮ್ಮದಿಯಾಗಿ ಹೊರಗೆ ಹೋಗಿಬರಲು ಸಾಧ್ಯವೇ ಇಲ್ಲದಿರಬಹುದು. ನಮ್ಮ ದಿನ ಶುರುವಾಗುವುದು, ಮುಗಿಯುವುದು ಆ ನಡಿಗೆಯಿಂದಲೇ. ಸಂಗಾತಿಗೆ ಊರೂರು ಸುತ್ತುವ ಕೆಲಸವಾದ್ದರಿಂದ ಎಷ್ಟೋ ದಿನ ನಾನೊಬ್ಬನೇ ಇರುತ್ತೇನೆ. ಹಾಗಾಗಿ ಮನೆಗಿಂತ ಮೊದಲು ನಾನು ಒಂದು ಸುತ್ತನ್ನು ಹುಡುಕಿದೆ. ಬಾಗಿಲಿನಿಂದ ಹೊರಟು, ಮಗು ಆಡಿ, ನಾಯಿಗಳು ಅಡ್ಡಾಡಿ, ವಾಹನ ಹತ್ತದೆ ಅದೇ ಬಾಗಿಲಿಗೆ ಮರಳುವ ಸುತ್ತು. ಅದು ಸಿಕ್ಕಿದ ಕಡೆ ಮನೆ ನೋಡುವುದು, ಸಿಗದ ಕಡೆ ಎಂಥ ಮನೆಯಿದ್ದರೂ ಬೇಡ ಎಂದು ನಿಶ್ಚಯಿಸಿಕೊಂಡೆ.

ಈ ಹಟಕ್ಕೆ ಕಾರಣವಿದೆ. ಬಹಳಷ್ಟು ಉದ್ಯಾನಗಳಲ್ಲಿ ಮಕ್ಕಳ ಆಟದ ಜಾಗಕ್ಕೆ ನಾಯಿಗಳಿಗೆ ಪ್ರವೇಶವಿರುವುದಿಲ್ಲ. ಇದು ಸರಿಯಾದ ನಿಯಮವೇ. ನಾಯಿಗಳನ್ನು ಬಿಟ್ಟು ಆಡಿಸುವ ಬೇಲಿಯೊಳಗೆ ಪುಟ್ಟ ಮಗುವನ್ನು ಕರೆದೊಯ್ಯುವುದೂ ತರವಲ್ಲ. ಪರಿಚಯವಿಲ್ಲದ ನಾಲ್ಕಾರು ನಾಯಿಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುವಾಗ ನಡುವೆ ಸಿಕ್ಕಿದ ಮಗು ಕೆಳಗೆ ಬೀಳುತ್ತದೆ. ಹೆದರಿ ಚೀರುತ್ತಾ ಓಡತೊಡಗಿದರೆ ನಾಯಿಗಳು ಅದರ ಬೆನ್ನು ಹತ್ತುತ್ತವೆ. ಅಲ್ಲಿಗೆ ಮಗುವಿಗೊಂದು ಜಾಗ, ನಾಯಿಗೊಂದು ಜಾಗ ಎಂದಾಯಿತು. ಎರಡೂ ಬಡಾವಣೆಯ ಎರಡು ತುದಿಗಳಲ್ಲಿದ್ದರೆ ಮನೆಯವರ ಗತಿಯೇನು? ಒಂದೇ ಬೆಳಿಗ್ಗೆ ಎರಡು ಸಲ ಹೊರಡಬೇಕು, ಇಲ್ಲವೇ ಯಾರಾದರೊಬ್ಬರು ಮನೆಯಲ್ಲೇ ಕಾಯಬೇಕು. ಸಾಮಾನ್ಯವಾಗಿ ಹಾಗೆ ಉಳಿಯುವುದು ನಾಯಿಯೇ. ಆಟದ ಜಾಗದ ಹೊರಗೆ ಕಂಬಕ್ಕೆ ನಾಯಿಯನ್ನು ಕಟ್ಟಿ ಒಳಗೆ ಹೋಗುವವರಿದ್ದಾರೆ, ನಾನು ಅದನ್ನು ಒಪ್ಪುವುದಿಲ್ಲ. ಕಟ್ಟಿಹಾಕಿದ ನಾಯಿ ದೂರ ಸರಿಯಲಾರದು. ಹೆದರಿಕೆಯಾದರೆ ಅದಕ್ಕೆ ಉಳಿಯುವುದು ಗುರುಗುಟ್ಟುವುದು, ಅದೂ ಸಾಲದಿದ್ದರೆ ಕಚ್ಚುವುದು. ಅಲ್ಲಿ ಅದರ ಹತ್ತಿರ ಓಡಿಬರುವವರು ಮಕ್ಕಳೇ.

ಆದ್ದರಿಂದ ನಕ್ಷೆಯಲ್ಲಿ ಹಸಿರು ಎಷ್ಟಿದೆ ಎಂದು ಅಳೆಯುವುದನ್ನು ಬಿಟ್ಟು, ಆ ಹಸಿರಿನಲ್ಲಿ ಯಾರು ಎಲ್ಲಿಗೆ ಹೋಗಬಹುದು ಎಂಬುದನ್ನು ನೋಡಿದೆ. ದೊಡ್ಡ ಕೆರೆಯಿದ್ದ ಒಂದು ಬಡಾವಣೆಯಲ್ಲಿ ದಡದ ಪೂರ್ತಿ ನಾಯಿಗಳಿಗೆ ನಿಷೇಧವಿತ್ತು. ಇನ್ನೊಂದು ಕಡೆ ಚೆಂದದ ಮೈದಾನ, ಆದರೆ ಸಂಜೆಯೆಲ್ಲ ಅಲ್ಲಿ ಚೆಂಡಾಟದ ತರಬೇತಿ. ಕೊನೆಗೆ ನಾವು ಆರಿಸಿದ ಕಡೆ ಉದ್ಯಾನ ತೀರಾ ಚಿಕ್ಕದು. ಆದರೆ ಆಟದ ಜಾಗಕ್ಕೂ ನಾಯಿಗಳ ಆವರಣಕ್ಕೂ ನಡುವೆ ಒಂದು ಕಾಲುದಾರಿ ಮಾತ್ರ, ದಾರಿಯ ಬದಿಯ ಬೆಂಚಿನಿಂದ ಎರಡೂ ಕಾಣುತ್ತವೆ. ಇಬ್ಬರೂ ಇರುವ ದಿನ ಒಬ್ಬರು ಆ ಕಡೆ, ಒಬ್ಬರು ಈ ಕಡೆ. ಒಬ್ಬನೇ ಇರುವ ದಿನ ಬಿಟ್ಟು ಆಡಿಸುವ ಮಾತಿಲ್ಲ. ನಾಯಿಗಳ ಬೆಲ್ಟ್ ಹಿಡಿದು ಕಾಲುದಾರಿಯಲ್ಲಿ ನಡೆಯುತ್ತೇನೆ, ಮಗಳು ಮುಂದೆ ಮುಂದೆ ಓಡುತ್ತಾಳೆ. ಆ ದಾರಿಗೆ ವಾಹನ ಬರುವುದಿಲ್ಲ ಎಂಬುದೇ ನನಗೆ ಬೇಕಾಗಿದ್ದ ಆಸ್ತಿ.

ನಾಯಿಗಳ ಆವರಣವನ್ನು ನೋಡುವಾಗ ಮೊದಲು ಗೇಟಿನ ಕಡೆ ಕಣ್ಣು ಹಾಯಿಸಬೇಕು. ಎರಡು ಗೇಟುಗಳಿದ್ದು, ನಡುವೆ ಬೆಲ್ಟ್ ಬಿಚ್ಚುವಷ್ಟು ಜಾಗವಿರಬೇಕು. ಒಂದೇ ಗೇಟಿದ್ದರೆ ಒಬ್ಬರು ಒಳಗೆ ಬರುವಾಗ ಇನ್ನೊಬ್ಬರ ನಾಯಿ ಹೊರಗೆ ಓಡುತ್ತದೆ. ಬೇಲಿಯ ಬುಡ ನೆಲಕ್ಕೆ ಕೂಡಿದೆಯೇ, ಕೆರೆದ ಗುಂಡಿಗಳಿವೆಯೇ, ನೆರಳಿದೆಯೇ ಎಂಬುದು ಅನಂತರದ ಮಾತು. ಮಲ ಎತ್ತಿಹಾಕುವ ಡಬ್ಬಿ ತುಂಬಿ ಚೆಲ್ಲುತ್ತಿದೆಯೋ ಖಾಲಿಯಾಗುತ್ತಿದೆಯೋ ಎಂಬುದನ್ನು ತಪ್ಪದೆ ನೋಡುತ್ತಿದ್ದೆ. ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ನಾಯಿಗಳ ಕರುಳಿನಲ್ಲಿರುವ ದುಂಡುಹುಳುವಿನ ಮೊಟ್ಟೆಗಳು ಮಲದ ಮೂಲಕ ಹೊರಬಿದ್ದ ಕೂಡಲೇ ಸೋಂಕು ತರುವುದಿಲ್ಲ. ಅದಕ್ಕೆ ಎರಡು ವಾರವೋ ಹೆಚ್ಚೋ ಬೇಕು. ಆಮೇಲೆ ಅವು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಅಂದಂದೇ ಎತ್ತಿಹಾಕುವ ಜನರಿರುವ ಬಡಾವಣೆಯಲ್ಲಿ ಮರಳಿನಲ್ಲಿ ಆಡಿ ಬೆರಳು ಚೀಪುವ ಮಗುವಿಗೆ ಅಪಾಯ ಕಡಿಮೆ. ನಾಯಿಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಸ್ ಕೂಡ ಮಣ್ಣಿನಲ್ಲಿ ಬಹುಕಾಲ ಬದುಕಬಲ್ಲದು. ಗುಂಡನಿಗೆ ಲಸಿಕೆಯೆಲ್ಲ ಮುಗಿದಿದ್ದರಿಂದ ಆ ಚಿಂತೆ ನನಗಿರಲಿಲ್ಲ. ಮರಿಯೊಂದಿಗೆ ಹೋಗುವವರು ಹದಿನಾರು ವಾರದ ವಯಸ್ಸಿನಲ್ಲಿ ಹಾಕುವ ಲಸಿಕೆ ಮುಗಿಯುವ ತನಕ ಅದನ್ನು ಇಂಥ ಜಾಗಕ್ಕೆ ಇಳಿಸಬಾರದು.

ಉದ್ಯಾನ ಸಿಕ್ಕಿದರೆ ಸಾಲದು, ಅಲ್ಲಿಗೆ ಹೋಗುವ ರಸ್ತೆಯೂ ಬೇಕಲ್ಲ. ಇದನ್ನು ನೋಡಲು ನಾನು ಕಂಡುಕೊಂಡ ಉಪಾಯ ಸುಲಭದ್ದು: ರಸ್ತೆ ದಾಟುವ ಪ್ರತಿ ಮೂಲೆಯಲ್ಲೂ ಕುಕ್ಕರಗಾಲಿನಲ್ಲಿ ಕುಳಿತು ಮಗಳ ಕಣ್ಣಿನ ಮಟ್ಟದಿಂದ ನೋಡುವುದು. ನಿಂತಾಗ ಎಲ್ಲವೂ ಸ್ಪಷ್ಟವಾಗಿದ್ದ ಒಂದು ಮೂಲೆಯಲ್ಲಿ ಕುಳಿತಾಗ ನನಗೆ ಕಂಡಿದ್ದು ನಿಲ್ಲಿಸಿದ್ದ ಕಾರಿನ ಬಂಪರ್, ಅದರ ಮೇಲಿನ ಧೂಳು, ಚಕ್ರದ ಕೆಳಗಿನಿಂದ ಒಂದು ಗೇಣು ರಸ್ತೆ. ಬರುವ ವಾಹನ ಕಾಣುವುದಿಲ್ಲ, ಹೊಗೆ ನೇರ ಮುಖಕ್ಕೇ ಬರುತ್ತದೆ. ಮಗಳಿಗೆ ವಾಹನ ಕಾಣದ ಮೇಲೆ ಚಾಲಕನಿಗೆ ಅವಳು ಎಲ್ಲಿಂದ ಕಾಣಬೇಕು? ಸುಮಾರು ಹತ್ತು ವರ್ಷದ ತನಕ ಮಕ್ಕಳು ಬರುವ ವಾಹನದ ವೇಗವನ್ನು ಭರವಸೆಯಿಂದ ಅಂದಾಜು ಮಾಡಲಾರರು. ನೋಡಿಕೊಂಡು ದಾಟು ಎಂದು ಹೇಳಿಕೊಡುವುದು ಬೇಕು, ಆದರೆ ಅದನ್ನೇ ನಂಬಿ ರಸ್ತೆ ಆರಿಸಬಾರದು.

ವೇಗದ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿರಲಿಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ, ಚಾಲಕನ ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲೇ ಅಷ್ಟು ದೂರ. 30 ಕಿ.ಮೀ. ವೇಗದಲ್ಲಿ ಅದು 8 ಮೀಟರ್ ಚಿಲ್ಲರೆ. ಢಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50ರ ಹೊಡೆತ 30ರದ್ದಕ್ಕಿಂತ ಹತ್ತಿರಹತ್ತಿರ ಮೂರು ಪಟ್ಟು. ಬೆಲ್ಟ್ ಕೈಯಿಂದ ಜಾರುವ, ಮಗು ಚೆಂಡಿನ ಹಿಂದೆ ಓಡುವ ಒಂದು ಗಳಿಗೆ ಎಲ್ಲರ ಬಾಳಿನಲ್ಲೂ ಬರುತ್ತದೆ. ಆ ಗಳಿಗೆಯಲ್ಲಿ ರಸ್ತೆಯ ಮೇಲೆ ಯಾವ ವೇಗವಿರುತ್ತದೆ ಎಂಬುದನ್ನು ನಾವು ಮನೆ ಆರಿಸುವಾಗಲೇ ನಿರ್ಧರಿಸಿರುತ್ತೇವೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಅಡ್ಡದಾರಿಯಾಗಿ ಬಳಕೆಯಾಗುವ ರಸ್ತೆಗಳನ್ನು ಪಟ್ಟಿಯಿಂದ ತೆಗೆದುಹಾಕಿದೆ. ಮಧ್ಯಾಹ್ನ ಅವು ಶಾಂತವಾಗಿಯೇ ಇರುತ್ತವೆ. ಕಚೇರಿ ಬಿಡುವ ಹೊತ್ತಿಗೆ ಹೋಗಿ ನಿಂತರೆ ನಿಜ ತಿಳಿಯುತ್ತದೆ.

1960ರ ದಶಕದ ಕೊನೆಯಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕಾರರು ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿ ನೋಡಿದ್ದರು. ದಿನಕ್ಕೆ 2,000 ವಾಹನ ಓಡುವ ಬೀದಿಯವರಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರಿದ್ದರೆ, 16,000 ವಾಹನ ಓಡುವ ಬೀದಿಯವರಿಗೆ ಒಬ್ಬರೂ ಪೂರ್ತಿ ಇರಲಿಲ್ಲ. ಹೊಸ ಊರಿಗೆ ಹೋಗುವವನಿಗೆ ಇದು ಸಣ್ಣ ಸಂಗತಿಯಲ್ಲ. ರಾತ್ರಿ ಮಗುವಿಗೆ ಜ್ವರ ಬಂದು ಆಸ್ಪತ್ರೆಗೆ ಓಡಬೇಕಾದಾಗ ನಾಯಿಗಳನ್ನು ಯಾರ ಹತ್ತಿರ ಬಿಡುವುದು? ಆ ಒಬ್ಬರು ನಾವು ದಿನಾ ನಿಂತು ಮಾತನಾಡುವ ಬೀದಿಯಲ್ಲೇ ಸಿಗಬೇಕು. ನಾಯಿ ಕರೆದುಕೊಂಡು ನಡೆಯುವವರಿಗೆ ಪರಿಚಯ ಬೇಗ ಆಗುತ್ತದೆ ಎಂಬುದು ಇದರಲ್ಲಿ ಒಂದು ಸಮಾಧಾನ.

ಕಚೇರಿಯ ದೂರದ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ನಮ್ಮ ಲೆಕ್ಕ ಇಷ್ಟೇ: ಮುದಿ ನಾಯಿ ಎಷ್ಟು ಹೊತ್ತು ಮೂತ್ರ ತಡೆದುಕೊಂಡು ಇರಬಲ್ಲದು, ಶಿಶುವಿಹಾರ ಎಷ್ಟಕ್ಕೆ ಮುಚ್ಚುತ್ತದೆ. ಈ ಎರಡಕ್ಕೂ ಹೊಂದದ ದೂರ ನಮಗೆ ದೂರವೇ.

ಆಸ್ಪತ್ರೆಗಳನ್ನು ಹುಡುಕುವಾಗ ಮಕ್ಕಳ ವೈದ್ಯರ ಜೊತೆಗೆ ರಾತ್ರಿಯೂ ತೆರೆದಿರುವ ಪಶುವೈದ್ಯಾಲಯ ಎಷ್ಟು ದೂರ ಎಂದು ವಿಚಾರಿಸಿಕೊಂಡೆ. ಬೀದಿನಾಯಿಗಳಿರುವ ಕಡೆಗಾದರೆ ರೇಬಿಸ್ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಯಾವ ಆಸ್ಪತ್ರೆಯಲ್ಲಿ ಸಿಗುತ್ತವೆ ಎಂಬುದನ್ನು ಮೊದಲೇ ತಿಳಿದಿರಬೇಕು. ಕಚ್ಚಿದ ಅಥವಾ ಪರಚಿದ ಗಾಯವನ್ನು ಕೂಡಲೇ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು ಮೊದಲ ಕೆಲಸ, ಆಮೇಲೆ ತಡಮಾಡದೆ ಆಸ್ಪತ್ರೆ. ಪುಟ್ಟ ಮಕ್ಕಳು ಸಣ್ಣ ಪರಚನ್ನು ಹೇಳದೆ ಇದ್ದುಬಿಡುತ್ತಾರೆ. ಮನೆಗೆ ಬಂದ ಮೇಲೆ ಕೈಕಾಲು ನೋಡುವುದು ನಮ್ಮಲ್ಲಿ ಅಭ್ಯಾಸವಾಗಿದೆ.

ಸುತ್ತು ಸಿಕ್ಕಿದ ಬಡಾವಣೆಗಳಲ್ಲಿ ಮಾತ್ರ ಮನೆ ನೋಡಿದೆವು. ಕರಿಯನ ಸಲುವಾಗಿ ನೆಲಮಹಡಿ ಬೇಕಿತ್ತು. ನುಣುಪು ಟೈಲ್ಸ್‌ನ ಮೆಟ್ಟಿಲಿನ ಮುಂದೆ ನಿಂತು ಅವನು ಉಗುರುಗಳನ್ನು ಚಾಚಿ, ಹಿಂಗಾಲು ನಡುಗಿಸಿ, ನನ್ನ ಮುಖ ನೋಡುತ್ತಾನೆ. ಆ ನೋಟವನ್ನು ದಿನಕ್ಕೆ ನಾಲ್ಕು ಸಲ ಎದುರಿಸುವುದು ನನ್ನಿಂದಾಗದು. ಬಾಲ್ಕನಿಯಿದ್ದರೆ ಕಂಬಿಗಳ ಅಂತರ ಅಳೆಯಬೇಕು. ಹಲವು ದೇಶಗಳ ಕಟ್ಟಡ ನಿಯಮಗಳು ಸುಮಾರು 10 ಸೆಂ.ಮೀ. ಅಗಲದ ಗೋಳವೂ ತೂರಬಾರದು ಎನ್ನುತ್ತವೆ, ಮಗುವಿನ ತಲೆಯನ್ನು ಲೆಕ್ಕದಲ್ಲಿಟ್ಟುಕೊಂಡು. ಸಣ್ಣ ಜಾತಿಯ ನಾಯಿಗೆ ಅದೂ ದೊಡ್ಡ ಸಂದಿಯೇ. ಒಳಗೆ ಮಗುವಿಗೂ ನಾಯಿಗಳಿಗೂ ನಡುವೆ ಪುಟ್ಟ ಗೇಟು ಹಾಕಲು ಅನುಕೂಲವಾದ ಬಾಗಿಲಿದೆಯೇ ಎಂದೂ ನೋಡಿದೆವು. ಎಷ್ಟೇ ಸಾಧು ನಾಯಿಯಾದರೂ ಊಟದ ಹೊತ್ತಿನಲ್ಲಿ, ನಿದ್ದೆಯ ಹೊತ್ತಿನಲ್ಲಿ ಅದಕ್ಕೆ ಮಗು ಮುಟ್ಟದ ಒಂದು ಮೂಲೆ ಸಿಗಬೇಕು.

ಬಾಡಿಗೆ ಒಪ್ಪಂದದಲ್ಲಿ ನಾಯಿಗಳ ಸಂಖ್ಯೆ ಬರೆಸಿದೆ. ಮಾಲೀಕರು ಬಾಯಿಮಾತಿನಲ್ಲಿ ಪರವಾಗಿಲ್ಲ ಎಂದಿದ್ದರು, ಆದರೆ ನಿವಾಸಿಗಳ ಸಂಘದ ನಿಯಮ ಬೇರೆ ಇರಬಹುದು, ಸ್ಥಳೀಯ ಆಡಳಿತ ಮನೆಗಿಷ್ಟೇ ನಾಯಿ ಎಂದು ಮಿತಿ ಹಾಕಿರಬಹುದು. ಮೂರೂ ಕಡೆಯ ಮಾತು ಕಾಗದದ ಮೇಲೆ ಬರುವ ತನಕ ಮುಂಗಡ ಕೊಡಲಿಲ್ಲ. ದೇಶದ ಗಡಿ ದಾಟಿ ಹೋಗುವವರು ಇದಕ್ಕೂ ಮೊದಲೇ ನಾಯಿಗಳ ಕಾಗದ ಶುರುಮಾಡಬೇಕು. ಗುರುತಿಗಾಗಿ ಚರ್ಮದಡಿ ಕೂರಿಸುವ 15 ಅಂಕಿಯ ಮೈಕ್ರೋಚಿಪ್ ಮೊದಲು, ಆಮೇಲೆ ರೇಬಿಸ್ ಲಸಿಕೆ, ಹಲವೆಡೆ ರಕ್ತದಲ್ಲಿ ಪ್ರತಿಕಾಯ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಮುಟ್ಟಿದೆ ಎಂಬ ಪರೀಕ್ಷೆ. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ.

ಕೊನೆಗೆ ಎರಡು ಬಡಾವಣೆಗಳು ಉಳಿದವು. ಎರಡರಲ್ಲೂ ನಾಯಿಗಳಿಗೆ ಅವಕಾಶವಿದ್ದ ಕೊಠಡಿ ಹಿಡಿದು, ಭಾನುವಾರವೂ ಸೇರುವಂತೆ ಕೆಲವು ದಿನ ಇದ್ದು ನೋಡಿದೆವು. ಹಗಲಿನಲ್ಲಿ ಮೊದಲನೆಯದೇ ಚೆನ್ನಾಗಿತ್ತು. ರಾತ್ರಿ ಮಾತ್ರ ದೂರದ ರೈಲು ಹಳಿಯಿಂದ ಬೋಗಿ ಜೋಡಿಸುವ ಸದ್ದು. ನಮಗದು ನಿದ್ದೆಯಲ್ಲಿ ಕರಗಿಹೋಗುತ್ತಿತ್ತು, ಗುಂಡನಿಗೆ ಇಲ್ಲ. ಸದ್ದಿನ ಕಂಪನ ಏರುತ್ತಾ ಹೋದಂತೆ ಮನುಷ್ಯರ ಕಿವಿ ನಿಲ್ಲುವುದು ಸುಮಾರು 20 ಕಿಲೋಹರ್ಟ್ಸ್‌ಗೆ (ಸೆಕೆಂಡಿಗೆ 20,000 ಕಂಪನ), ನಾಯಿಗಳದ್ದು 45ರ ಆಸುಪಾಸಿನ ತನಕ ಹೋಗುತ್ತದೆ. ಲೋಹಕ್ಕೆ ಲೋಹ ಉಜ್ಜಿದ ಕಿರುಚು ಅವನನ್ನು ನಮಗಿಂತ ಹೆಚ್ಚು ಕಾಡಿರಬೇಕು. ಅವನು ಎದ್ದು ಬೊಗಳುವುದು, ಮಗಳು ಎಚ್ಚರಗೊಳ್ಳುವುದು, ಕರಿಯ ಎದ್ದು ತಿರುಗಾಡುವುದು, ಹೀಗೆ ಇಡೀ ಮನೆ ಜಾಗರಣೆ. ಎರಡನೆಯ ಕಡೆ ಮೊದಲ ರಾತ್ರಿಯೇ ಎಲ್ಲರೂ ಮಲಗಿದರು. ಆಯ್ಕೆಗೆ ಮತ್ತೇನೂ ಉಳಿದಿರಲಿಲ್ಲ.

ಸಾಮಾನು ಸಾಗಿಸುವ ದಿನದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ನಾಯಿ ತಪ್ಪಿಸಿಕೊಳ್ಳಲು ಅದಕ್ಕಿಂತ ಸುಲಭದ ದಿನವಿಲ್ಲ. ಬಾಗಿಲುಗಳೆಲ್ಲ ತೆರೆದಿರುತ್ತವೆ, ಮನೆ ತುಂಬ ಅಪರಿಚಿತರು, ಹೊರಗೆ ನಾಯಿಗೆ ದಾರಿ ಗೊತ್ತಿಲ್ಲದ ಊರು. ಮೈಕ್ರೋಚಿಪ್‌ನ ನೋಂದಣಿಯಲ್ಲಿ ಹೊಸ ವಿಳಾಸವನ್ನೂ ಕೊರಳಪಟ್ಟಿಯಲ್ಲಿ ಮೊಬೈಲ್ ಸಂಖ್ಯೆಯನ್ನೂ ಹಿಂದಿನ ವಾರವೇ ಹಾಕಿಸಿದ್ದೆವು. ಹಳೆಯ ಮನೆಯಲ್ಲಿ ಎರಡೂ ನಾಯಿಗಳನ್ನು ನೀರು, ಹಾಸಿಗೆ ಸಹಿತ ಒಂದು ಕೋಣೆಯಲ್ಲಿ ಬಿಟ್ಟು, ಬಾಗಿಲಿಗೆ ‘ತೆರೆಯಬೇಡಿ’ ಎಂದು ಬರೆದು ಅಂಟಿಸಿ, ಆ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಖಾಲಿ ಮಾಡಿದೆವು. ಹೊಸ ಮನೆಯಲ್ಲಿ ಮೊದಲು ಸಜ್ಜಾಗಿದ್ದೂ ಅಂಥದೇ ಒಂದು ಕೋಣೆ. ಅದೇ ಹಾಸಿಗೆಗಳನ್ನು ಒಗೆಯದೆ ಹಾಗೇ ಹಾಸಿದೆವು, ಹಳೆಯ ವಾಸನೆ ಅವಕ್ಕೆ ಸಿಗಲೆಂದು. ಮೊದಲ ಕೆಲವು ವಾರ ಅಂಗಳದಲ್ಲಿ ಕೂಡ ಬೆಲ್ಟ್ ಬಿಚ್ಚಲಿಲ್ಲ.