ಲೆಕ್ಕ ಬರುತ್ತದೆ, ಅಂಕ ಬರುವುದಿಲ್ಲ: ಗಣಿತ ಪರೀಕ್ಷೆಯಲ್ಲಿ ಕೈತಪ್ಪು ತಡೆಯುವುದು ಹೇಗೆ?

ಗಣಿತ ಪರೀಕ್ಷೆ ಮುಗಿಸಿ ಬಂದವರ ಬಾಯಲ್ಲಿ ಒಂದೇ ಮಾತು: ‘ಎಲ್ಲ ಗೊತ್ತಿತ್ತು, ಸಿಲ್ಲಿ ಮಿಸ್ಟೇಕ್ ಆಯ್ತು.’ ಮನೆಯವರ ಉತ್ತರವೂ ಸಿದ್ಧ: ‘ಮುಂದಿನ ಸಲ ಹುಷಾರಾಗಿ ಮಾಡು.’ ಹುಷಾರು ಅಂದರೆ ಪೆನ್ನು ಹಿಡಿದಾಗ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಕೊನೆಯ ಹತ್ತು ನಿಮಿಷ ಮಕ್ಕಳು ‘ಚೆಕ್’ ಮಾಡುವುದನ್ನು ನೋಡಿ. ಹಾಳೆ ತಿರುವುತ್ತಾರೆ, ಕಣ್ಣಾಡಿಸುತ್ತಾರೆ, ಸರಿ ಅಂತ ತಲೆಯಾಡಿಸುತ್ತಾರೆ. ಅದು ತಾಳೆ ನೋಡುವುದಲ್ಲ, ಸುಮ್ನೆ ಓದುವುದು.

1. ನಿಮ್ಮ ತಪ್ಪು ಯಾವುದು, ಪತ್ತೆ ಮಾಡಿ

ಹಳೆಯ ಉತ್ತರಪತ್ರಿಕೆಗಳನ್ನು ತೆಗೆಯಿರಿ. ಅಂಕ ಹೋದ ಕಡೆಯೆಲ್ಲ ಯಾಕೆ ಹೋಯಿತು ಅಂತ ಪಕ್ಕದಲ್ಲಿ ಬರೆಯಿರಿ: ಮೈನಸ್ ಬಿಟ್ಟದ್ದು, ಅಂಕಿ ತಪ್ಪಾಗಿ ಇಳಿಸಿಕೊಂಡದ್ದು, ತ್ರಿಜ್ಯ ಕೇಳಿದರೆ ವ್ಯಾಸ ಬರೆದದ್ದು. ಸಾಮಾನ್ಯವಾಗಿ ಒಬ್ಬರ ತಪ್ಪುಗಳು ಎರಡು ಮೂರು ಬಗೆಯಲ್ಲೇ ಮುಗಿಯುತ್ತವೆ. ಪರೀಕ್ಷೆಯಲ್ಲಿ ಕಾಯಬೇಕಾದದ್ದು ಅಷ್ಟನ್ನೇ.

2. ಭಯಕ್ಕೆ ಹತ್ತು ನಿಮಿಷ ಕೊಡಿ

ಗಾಬರಿಯಾದಾಗ ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿಯೇ ಕುಗ್ಗುತ್ತದೆ. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಅವರು 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಸ್ವಲ್ಪ ಮುಂಚೆ ಸುಮಾರು ಹತ್ತು ನಿಮಿಷ ತಮ್ಮ ಆತಂಕವನ್ನೆಲ್ಲ ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು ಹೆಚ್ಚು ಅಂಕ ಪಡೆದಿದ್ದರು. ಪರೀಕ್ಷೆಯೆಂದರೆ ಸದಾ ಹೆದರುವವರಿಗೆ ಇದರಿಂದ ಜಾಸ್ತಿ ಲಾಭವಾಗಿತ್ತು. ಬರೆದು ನೋಡಿ, ಖರ್ಚೇನಿಲ್ಲ. ಪರೀಕ್ಷೆಯ ನಡುವೆ ಎದೆ ಹೊಡೆದುಕೊಂಡರೆ ಪೆನ್ನು ಕೆಳಗಿಟ್ಟು, ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಸಾಕು.

3. ಸಮಯ ಹಂಚಿ

ಮೂರು ಗಂಟೆ, 80 ಅಂಕ ಅಂದುಕೊಳ್ಳಿ. ತಾಳೆಗೆ 20 ನಿಮಿಷ ತೆಗೆದಿಟ್ಟರೆ ಅಂಕಕ್ಕೆ ಎರಡು ನಿಮಿಷ. ಅದು ಮೀರಿದರೆ ಜಾಗ ಬಿಟ್ಟು ಮುಂದಕ್ಕೆ ಹೋಗಿ.

4. ಸಾಲಿಗೊಂದೇ ಹೆಜ್ಜೆ

ಎರಡು ಹೆಜ್ಜೆಯನ್ನು ಮನಸ್ಸಿನಲ್ಲೇ ಸೇರಿಸಬೇಡಿ. ಬ್ರಾಕೆಟ್ ಮುಂದೆ ಮೈನಸ್ ಇದ್ದರೆ ಅಲ್ಲೇ ನಿಲ್ಲಿ. −(3ಎಕ್ಸ್ − 5) ಬಿಡಿಸಿದಾಗ −3ಎಕ್ಸ್ + 5. ಆ ಪ್ಲಸ್ ಎಷ್ಟು ಜನರ ಅಂಕ ತಿಂದಿದೆಯೋ! ರಫ್ ವರ್ಕನ್ನೂ ಅದೇ ಪುಟದ ಅಂಚಿನಲ್ಲಿ, ಪ್ರಶ್ನೆಸಂಖ್ಯೆ ಹಾಕಿ ಮಾಡಿ. ಮೂಲೆಮೂಲೆಯಲ್ಲಿ ಗೀಚಿದರೆ ಆಮೇಲೆ ನಿಮಗೇ ಸಿಗುವುದಿಲ್ಲ.

ಇನ್ನು ವೈಟ್ನರ್. ದಯವಿಟ್ಟು ಮನೆಯಲ್ಲೇ ಬಿಡಿ. ಒಣಗಲಿ ಅಂತ ಮುಂದಿನ ಲೆಕ್ಕಕ್ಕೆ ಹೋದವರು ಅಲ್ಲಿ ಅಂಕಿ ಬರೆಯುವುದನ್ನೇ ಮರೆಯುತ್ತಾರೆ. ಒಂದು ಗೆರೆ ಹೊಡೆದರೆ ಸಾಕು.

5. ತಾಳೆ: ಬೇರೆ ದಾರಿಯಲ್ಲಿ ಬನ್ನಿ

ಮುಖ್ಯ ಕೆಲಸ ಇದು. ನೀವೇ ಬರೆದದ್ದನ್ನು ಮತ್ತೆ ಓದಿದರೆ ಕಣ್ಣು ಬರೆದದ್ದನ್ನು ನೋಡುವುದಿಲ್ಲ, ಬರೆದಿರಬೇಕಾದದ್ದನ್ನು ನೋಡುತ್ತದೆ. ಆದ್ದರಿಂದ ಮಾಡಿದ ದಾರಿಯಲ್ಲೇ ಮತ್ತೆ ಹೋಗಬೇಡಿ.

2ಎಕ್ಸ್² − 5ಎಕ್ಸ್ − 3 = 0 ತೆಗೆದುಕೊಳ್ಳಿ. ಸೂತ್ರ ಹಾಕಿ ಬಿಡಿಸಿದರೆ ವರ್ಗಮೂಲದೊಳಗೆ 25 + 24 ಬರಬೇಕು. ಅವಸರದಲ್ಲಿ 25 − 24 ಬರೆದಿರಿ. ಉತ್ತರ 3/2 ಮತ್ತು 1. ನೋಡೋದಕ್ಕೆ ಎಷ್ಟು ಚೆಂದ! ಮೂಲಗಳ, ಅಂದರೆ ಎರಡು ಉತ್ತರಗಳ, ಮೊತ್ತ 5/2 ಇರಬೇಕು ಅಂತ ಕೂಡಿದಿರಿ, ಸರಿಯಾಗಿ 5/2 ಬಂತು. ಖುಷಿಯಾಗಿ ಮುಂದೆ ಹೋದಿರಿ. ಆದರೆ ಕೂಡುವಾಗ ವರ್ಗಮೂಲದ ಭಾಗ ಒಂದು ಸಲ ಪ್ಲಸ್, ಒಂದು ಸಲ ಮೈನಸ್ ಆಗಿ ಹೊಡೆದುಹೋಗುತ್ತದೆ. ಅದರೊಳಗಿನ ತಪ್ಪನ್ನು ಮೊತ್ತ ಯಾವತ್ತೂ ತೋರಿಸುವುದಿಲ್ಲ. ಎರಡನ್ನೂ ಗುಣಿಸಿ ನೋಡಿ: −3/2 ಬರಬೇಕಿದ್ದಲ್ಲಿ 3/2 ಬರುತ್ತದೆ. ಅಥವಾ ಎಕ್ಸ್ ಜಾಗದಲ್ಲಿ 1 ಹಾಕಿ: 2 − 5 − 3 ಅಂದರೆ −6, ಸೊನ್ನೆಯಲ್ಲ. ಸರಿಯುತ್ತರ 3 ಮತ್ತು −1/2. ನನ್ನ ಆಯ್ಕೆ ಯಾವಾಗಲೂ ಉತ್ತರವನ್ನು ಮೂಲ ಸಮೀಕರಣಕ್ಕೇ ಹಾಕಿ ನೋಡುವುದು. ಸಮೀಕರಣವನ್ನು ಪ್ರಶ್ನೆಪತ್ರಿಕೆಯಿಂದ ಓದಿ, ನಿಮ್ಮ ಹಾಳೆಯಿಂದಲ್ಲ. ಇಳಿಸಿಕೊಳ್ಳುವಾಗಲೇ ತಪ್ಪಿದ್ದರೆ ಆಗ ಸಿಕ್ಕಿಬೀಳುತ್ತದೆ.

ಗುಣಾಕಾರಕ್ಕೆ ಅಂಕಿಗಳನ್ನು ಕೂಡಿ ನೋಡುವ ಉಪಾಯ ಇದೆಯಲ್ವಾ? 347 × 28 = 9716. ಒಂದಂಕಿ ಆಗುವವರೆಗೆ ಕೂಡುತ್ತಾ ಹೋದರೆ 347 ಎಂಬುದು 5, 28 ಎಂಬುದು 1, ಗುಣಿಸಿದರೆ 5. 9716 ಕೂಡ 5. ಶಾರ್ಟ್‌ಕಟ್ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ಅಂಕಿ ಹಿಂದುಮುಂದಾಗಿ 9761 ಬರೆದಿದ್ದರೂ 5 ಬರುತ್ತದೆ ಅನ್ನೋದನ್ನು ಹೇಳುವುದಿಲ್ಲ. ಅದಕ್ಕೆ ಕೊನೆಯ ಅಂಕಿಯನ್ನೂ ನೋಡಿ: 7 × 8 = 56, ಹಾಗಾಗಿ ಉತ್ತರ 6ರಲ್ಲೇ ಮುಗಿಯಬೇಕು. ಜೊತೆಗೆ ಒಂದು ಅಂದಾಜು: 350 × 30 ಅಂದರೆ 10,500, ನಮ್ಮದು ಅದಕ್ಕಿಂತ ಸ್ವಲ್ಪ ಕಡಿಮೆ ಇರಬೇಕು. ಮೂರೂ ಸೇರಿ ಅರ್ಧ ನಿಮಿಷದ ಕೆಲಸ. ಎಲ್ಲ ತಪ್ಪೂ ಇದರಲ್ಲಿ ಸಿಗುವುದಿಲ್ಲ, ಬಹಳಷ್ಟು ಸಿಗುತ್ತವೆ.

ಕೊನೆಗೆ ಪ್ರಶ್ನೆಯ ಕೊನೆಯ ಸಾಲು ಮಾತ್ರ ಓದಿ. ಕೇಳಿದ್ದು ಮಗನ ವಯಸ್ಸೋ, ತಂದೆಯದೋ? ಸೆಂಟಿಮೀಟರೋ, ಮೀಟರೋ?

ತಪ್ಪು ಸಿಕ್ಕಿದರೆ ತಕ್ಷಣ ಹಳೆಯದನ್ನು ಹೊಡೆದುಹಾಕಬೇಡಿ. ಪಕ್ಕದಲ್ಲೇ ಹೊಸದಾಗಿ ಮಾಡಿ, ಅದು ಪೂರ್ತಿಯಾದ ಮೇಲೆ ಹಳೆಯದಕ್ಕೆ ಗೆರೆ ಎಳೆಯಿರಿ. ನಡುವೆ ಗಂಟೆ ಬಾರಿಸಿದರೂ ಹಳೆಯ ಹೆಜ್ಜೆಗಳಿಗೆ ಬರಬೇಕಾದ ಒಂದೆರಡು ಅಂಕವಾದರೂ ಉಳಿಯುತ್ತದೆ.