ಹಳದಿ ಮಿಂಚಿನ ಕಲ್ಲು ಸಿಕ್ಕಿತೇ? ಸುತ್ತಿಗೆ ಪಕ್ಕಕ್ಕಿಡಿ

ಹಳದಿ ಮಿಂಚಿನ ಕಲ್ಲು ಸಿಕ್ಕರೆ ಚಿನ್ನವಿರಬಹುದು ಅಂತ ನಮ್ಮವರು ಮೊದಲು ಹುಡುಕುವುದು ಸುತ್ತಿಗೆ. ಎರಡೇಟಿಗೆ ಕಲ್ಲೂ ಪುಡಿ, ಅದರ ಬೆಲೆಯೂ ಪುಡಿ.

ಮೊದಲು ಉಗುರಿನಿಂದ ಕೆದಕಿ. ಹಾಳೆ ಹಾಳೆಯಾಗಿ ಎದ್ದರೆ ಅದು ಕಾಗೆಬಂಗಾರ, ಅಂದರೆ ಅಭ್ರಕ. ಅಲ್ಲಿಗೆ ಮುಗೀತು.

ಏಳದಿದ್ದರೆ ಗೀರು ನೋಡಬೇಕು, ಅಂದರೆ ಟೈಲ್ಸ್‌ಗೆ ಉಜ್ಜಿದಾಗ ಬೀಳುವ ಗೆರೆಯ ಬಣ್ಣ. ಜಾಸ್ತಿ ಜನ ಎಡವುವುದು ಇಲ್ಲೇ. ಟೈಲ್ಸ್‌ನ ನುಣುಪು ಮುಖಕ್ಕೆ ಉಜ್ಜಿ, ಏನೂ ಬರಲಿಲ್ಲ ಅಂತಾರೆ. ಬೇಕಾದ್ದು ಹೊಳಪಿಲ್ಲದ ಹಿಂಬದಿ, ಅದೂ ಬಿಳಿಯದು. ಕೆಂಪು ಬೆನ್ನಿನ ಟೈಲ್ಸ್ ಬೇಡ, ಬಣ್ಣ ತಿಳಿಯಲ್ಲ. ಇನ್ನು ಕೆಲವರ ಕೈಯಲ್ಲಿ ಹಳದಿ ಕಣದ ಬದಲು ಸುತ್ತಲಿನ ಬೆಣಚುಕಲ್ಲು ತಾಗಿ ಟೈಲ್ಸೇ ಗೀಚಿಹೋಗುತ್ತದೆ. ಭೂತಗನ್ನಡಿ ಹಿಡಿದು, ಕಲ್ಲಿನ ಹಿಂದುಗಡೆ ಹೊರಚಾಚಿದ ಒಂದು ಕಣ ಆರಿಸಿ. ಅರ್ಧ ಇಂಚು ಎಳೆದರೆ ಸಾಕು. ಚಿನ್ನದ ಗೀರು ಹಳದಿಯೇ. ಹಸಿರು ಬೆರೆತ ಕಪ್ಪು ಬಂದರೆ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಅಥವಾ ಚಾಲ್ಕೊಪೈರೈಟ್ (ತಾಮ್ರದ ಅದಿರು). ಅನುಮಾನವಿದ್ದರೆ ಸೂಜಿ ಒತ್ತಿ: ಚಿನ್ನದಲ್ಲಿ ತಗ್ಗು ಬೀಳುತ್ತದೆ, ಚಾಲ್ಕೊಪೈರೈಟ್ ಪುಡಿಯಾಗುತ್ತದೆ, ಪೈರೈಟ್ ಮೇಲೆ ಸೂಜಿ ಜಾರುತ್ತದೆ. ಚಿನ್ನ ಪರೀಕ್ಷಿಸುವ ಆಸಿಡ್ ಕಿಟ್ ಮಾತ್ರ ತರಬೇಡಿ. ನಾನೂ ಒಮ್ಮೆ ತಂದು ಒಳ್ಳೆಯ ಕಲ್ಲೊಂದಕ್ಕೆ ಕಲೆ ಮಾಡಿಕೊಂಡಿದ್ದೇನೆ.

ಬೆಣಚುಕಲ್ಲಿನಲ್ಲಿ ಚಿನ್ನ ಎಷ್ಟಿದೆ ಅಂತ ಒಡೆಯದೆಯೂ ಅಂದಾಜಿಸಬಹುದು. ಕಲ್ಲು ತೂಗಿ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ಈಗ ಕಾಣುವ ಗ್ರಾಂ ಅಂಕಿಯೇ ಘನ ಸೆಂಟಿಮೀಟರ್‌ಗಳಲ್ಲಿ ಕಲ್ಲಿನ ಗಾತ್ರ. ತೂಕವನ್ನು 1.16ರಿಂದ, ಗಾತ್ರವನ್ನು 3.07ರಿಂದ ಗುಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದದ್ದೇ ಚಿನ್ನದ ಗ್ರಾಂ. 100 ಗ್ರಾಂ ಕಲ್ಲಿಗೆ 36 ತೋರಿಸಿದರೆ ಚಿನ್ನ ಸುಮಾರು 5 ಗ್ರಾಂ. ಗಾತ್ರ ಒಂದು ಗ್ರಾಂ ತಪ್ಪಿದರೂ ಉತ್ತರ ಮೂರು ಗ್ರಾಂ ತಪ್ಪುತ್ತದೆ. ಹಾಗಾಗಿ ತರಕಾರಿ ತಕ್ಕಡಿ ಆಗಲ್ಲ, ಗುಳ್ಳೆ ಅಂಟಿದ್ದರೂ ಆಗಲ್ಲ. ಪೈರೈಟ್ ಬೆರೆತಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ.

ಇನ್ನು ಬೆಲೆ. ಚಿನ್ನದ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ ಇರುತ್ತದೆ, ಸಾಮಾನ್ಯವಾಗಿ ಕಣ್ಣಿಗೇ ಕಾಣಲ್ಲ. ಹಾಗಾಗಿ ಕಾಣುವಷ್ಟು ಚಿನ್ನವಿರುವ ಕಲ್ಲಿಗೆ ಸಂಗ್ರಹಕಾರರು ಲೋಹಕ್ಕಿಂತ ಜಾಸ್ತಿ ಕೊಡುವುದುಂಟು. ಪೈರೈಟ್ ಅಂತ ಎಸೆಯಲೂಬೇಡಿ: ಸ್ಪೇನಿನ ನವಾಹುನ್ ಎಂಬ ಊರಿನ ದಾಳದಾಕಾರದ ಪೈರೈಟ್ ಹರಳುಗಳಿಗೆ ಜಗತ್ತೆಲ್ಲ ಗಿರಾಕಿಗಳಿದ್ದಾರೆ. ಆದರೆ ಕೊಳ್ಳುವಾಗ ಬುಡ ನೋಡಿ, ಅಂಟು ಹಾಕಿ ಕೂರಿಸಿದ್ದೂ ಸಿಗುತ್ತದೆ. ನವಿಲು ಬಣ್ಣದ ಅದಿರು ಅಂತ ಮಾರುವುದರಲ್ಲಿ ಬಹಳಷ್ಟು ಆಸಿಡ್‌ನಲ್ಲಿ ಅದ್ದಿದ ಚಾಲ್ಕೊಪೈರೈಟ್.

ಕಲ್ಲು ಎಲ್ಲಿ, ಯಾವಾಗ ಸಿಕ್ಕಿತು ಅಂತ ಚೀಟಿ ಬರೆದು ಜೊತೆಗಿಡಿ. ಪೈರೈಟ್ ಆದರೆ ತೇವ ತಾಗದ ಡಬ್ಬಿಯಲ್ಲಿ.